ಸತ್ತವರು ಯಾರು, ಮೊದಲು ಹೇಳ್ರಿ

ನಮ್ಮ ಸೋದರತ್ತೆಗೆ ಹೆದರಿ ನಮ್ಮ ಸೀಮೆಯ ಜನ ಸಾಯುವುದನ್ನೇ ಮುಂದಕ್ಕೆ ಹಾಕುತ್ತಾರೆ ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ. ಆದರೆ ಕೊಟ್ಟೂರಿನಿಂದ ಹಡಗಲಿಯವರೆಗೆ ಯಾವ ಊರಿನ ಕಟ್ಟೆಯ ಮೇಲೆ ಕೂತ ಮುದುಕರನ್ನಾದರೂ ಕೇಳಿ ನೋಡಿ. "ಯಮಗ ಹೆದರಂಗಿಲ್ರಿ. ಅವ ಬರ್ತಾನ, ಒಯ್ತಾನ, ಮುಗೀತು. ಆದ್ರ ಅವ ಹೋದಮ್ಯಾಲ ನಿಮ್ಮತ್ತಿ ಬರ್ತಾಳಲ್ಲ..." ಎಂದು ಮಾತು ನಿಲ್ಲಿಸಿ ಬೀಡಿ ಹಚ್ಚುತ್ತಾರೆ.

ನಮ್ಮತ್ತೆ ಹಾಡಿಕೊಂಡು ಅಳುವವಳು. ನಮ್ಮ ಕಡೆ ಸಾವಿನ ಮನೆಯಲ್ಲಿ ಹೆಣವನ್ನು ಗೋಡೆಗೆ ಒರಗಿಸಿ ಕೂಡಿಸಿ, ಕೊರಳಿಗೆ ಹಾರ ಹಾಕಿರುತ್ತಾರೆ. ಹೆಂಗಸರು ಅದರ ಮುಂದೆ ಕೂತು ಸತ್ತವರ ಗುಣಗಳನ್ನು ಹಾಡಿ ಹಾಡಿ ಅಳುತ್ತಾರೆ. ಬೇರೆ ಹೆಂಗಸರು ಗುಣ ಹಾಡುತ್ತಾರೆ. ನಮ್ಮತ್ತೆ ನಿಜ ಹಾಡುತ್ತಾಳೆ. ಇರುವ ತಾಪತ್ರಯವೇ ಅದು.

ಅವಳದೊಂದು ಕಟ್ಟಳೆ ಇತ್ತು. ಸತ್ತವನು ಅವಳ ಕೈಯಲ್ಲೇ ಆಡಿ ಬೆಳೆದವನಾಗಿರಲಿ, ಹೊಸ್ತಿಲ ಹೊರಗೆ ನಿಂತು ಮೊದಲು ಕೇಳುತ್ತಿದ್ದಳು: "ಸತ್ತವ್ರು ಯಾರು, ಮೊದ್ಲು ಹೇಳ್ರಿ." ಮನೆಯವರು ಯಾರಾದರೂ ಒಬ್ಬರು ಬಾಯಿ ಬಿಟ್ಟು "ನಮ್ಮಪ್ಪ ಸತ್ತಾನ" ಅನ್ನಲೇಬೇಕು. ತೀರಿಕೊಂಡರು, ಶಿವನ ಪಾದ ಸೇರಿದರು, ಎಲ್ಲರನ್ನೂ ಅಗಲಿದರು, ಇವೆಲ್ಲ ನಡೆಯುತ್ತಿರಲಿಲ್ಲ. "ಪೇಪರಿನ್ಯಾಗ ಹಾಕ್ಸಾಕ ಇಟಗೊಳ್ರಿ ಅದನ್ನ. ನನಗ ಬಾಯಿಲೆ ಹೇಳ್ರಿ," ಅನ್ನುತ್ತಿದ್ದಳು. ಹೇಳುವಾಗಲೇ ಅರ್ಧ ಜನ ಅತ್ತುಬಿಡುತ್ತಿದ್ದರು. ಅವಳು ಒಳಗೆ ಹೋಗಿ ಕೂತು ಸೆರಗು ಸರಿ ಮಾಡಿಕೊಂಡು ಉಳಿದರ್ಧ ಜನರ ಕಡೆ ನೋಡುತ್ತಿದ್ದಳು.

ಹಂಪಸಾಗರದ ಕಡೆ ಒಬ್ಬ ದೊಡ್ಡ ಮನುಷ್ಯ ಸತ್ತಿದ್ದ. ಜಿಪುಣ. ಅವನ ಮನೆಯ ಮಜ್ಜಿಗೆಯಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದು ಎಂದು ಆಳುಗಳು ಹೇಳುತ್ತಿದ್ದರು. ಹೆಣದ ಸುತ್ತ ಮೂರು ಗಂಡುಮಕ್ಕಳು ಬೆತ್ತ ನುಂಗಿದ ಹಾಗೆ ನಿಂತಿದ್ದರು. ಒಬ್ಬರ ಕಣ್ಣಲ್ಲೂ ಹನಿ ನೀರಿಲ್ಲ. ನಮ್ಮತ್ತೆ ಎತ್ತಿಕೊಂಡಳು:

"ಮೂರು ಕೊಡ ನೀರೀಗೆ ಒಂದು ಮಿಳ್ಳಿ ಮಜ್ಜೀಗಿ
ಹೊಳಿ ಬತ್ತಿದ್ರೂ ನಿನ್ನ ಗಡಿಗಿ ಬತ್ತಲಿಲ್ಲೋ ನನ್ನಪ್ಪಾ..."

ಅವಳು ಉಸಿರು ತೆಗೆದುಕೊಳ್ಳುವ ಹೊತ್ತಿಗೆ ಹಿಂದೆ ಕೂತ ಹೆಂಗಸರಲ್ಲಿ ಯಾರೋ "ಎಲ್ಲಿ ಹೊಂಟ್ಯೋ, ಹೇಳಿ ಹೋಗೋ" ಎಂದು ಪಲ್ಲವಿಯ ಹಾಗೆ ಸೊಲ್ಲು ಹಿಡಿದರು. ಅದು ಯಾವಾಗಲೂ ಇರುತ್ತಿತ್ತು. ನಾನು ಅದನ್ನು ಗಮನಿಸಿದವನಲ್ಲ. ಹಿರಿಯ ಮಗ ಸಿಟ್ಟಿನಿಂದ ಎದ್ದು ಬಂದ. ಅಷ್ಟರಲ್ಲಿ ಮುಂದಿನ ಸಾಲು ಬಂತು, ಆ ನೀರು ಮಜ್ಜಿಗೆ ಕುಡಿದು ಬೆಳೆದ ಮೂರು ಹುಲಿ ನಿಂತಾವೋ, ಇನ್ನ ಗಟ್ಟಿ ಮಜ್ಜಿಗಿ ಯಾರು ಕೊಟ್ರೂ ರುಚಿ ಹತ್ತವಲ್ದೋ ಎಂದು. ಹಿರಿಯ ಮಗನಿಗೆ ನಗು ಬಂತು. ನಗುತ್ತ ನಗುತ್ತ ಅದು ಎಲ್ಲಿ ತಿರುಗಿತೋ, ಅಪ್ಪನ ಕಾಲ ಮೇಲೆ ಬಿದ್ದು ಹೋರಿಯ ಹಾಗೆ ಅಳತೊಡಗಿದ. ನಮ್ಮತ್ತೆ ಒಂದು ಎಲೆ ಬಾಯಿಗಿಟ್ಟುಕೊಂಡಳು.

ಇಂಥವಳ ಜೊತೆ ಬದುಕಿರುವಾಗಲೇ ಒಪ್ಪಂದ ಮಾಡಿಕೊಳ್ಳಲು ಬರುವ ಜಾಣರೂ ಇದ್ದರು. ನಮ್ಮ ಓಣಿಯ ಅಜ್ಜಿಯೊಬ್ಬಳು ಶೇಂಗಾ ಹೋಳಿಗೆ ತಂದುಕೊಟ್ಟು, "ನನ್ನ ಪಾಳಿ ಬಂದಾಗ ಆ ತುಪ್ಪದ ವಿಷಯ ತೆಗೀಬ್ಯಾಡವ್ವ," ಎಂದು ಕೇಳಿಕೊಂಡಳು. ಸೊಸೆಗೆ ಕಾಣದ ಹಾಗೆ ಇಪ್ಪತ್ತು ವರ್ಷ ತುಪ್ಪ ಬಚ್ಚಿಟ್ಟವಳು ಅವಳು. ಅತ್ತೆ ನಾಲ್ಕು ಹೋಳಿಗೆ ತಿಂದು ಕೈ ತೊಳೆದು ಹೇಳಿದಳು: "ತುಪ್ಪದ ವಿಷಯ ಬಿಡ್ತೀನಿ ತಗೋ. ಆದ್ರ ಈ ಹೋಳಿಗಿ ವಿಷಯ ಹಾಡಬೇಕಾಗ್ತೈತಿ."

ಇನ್ನು ನಾನು. ನಾನು ಹಗರಿಬೊಮ್ಮನಹಳ್ಳಿಯ ಒಂದು ಕಾಲೇಜಿನಲ್ಲಿ ಕನ್ನಡ ಮೇಷ್ಟ್ರು. ಪ್ರತಿ ವರ್ಷ "ಕಲೆಯ ಸ್ವರೂಪ ಮತ್ತು ಪ್ರಯೋಜನ" ಎಂಬ ಪಾಠ ಮಾಡುತ್ತೇನೆ. ಕಲೆಯಿಂದ ಆನಂದ, ಕಲೆಯಿಂದ ಕೀರ್ತಿ, ಕಲೆಯಿಂದ ಮನಸ್ಸಿನ ಶುದ್ಧಿ, ಬರೆದುಕೊಳ್ಳಿ. ಇಪ್ಪತ್ತೆರಡು ವರ್ಷದಿಂದ ಅದೇ ಹಳದಿಯಾದ ನೋಟ್ಸು, ಹಿಂದಿನ ಬೆಂಚಿನಿಂದ ಅದೇ ಪ್ರಶ್ನೆ: "ಸಾರ್, ಇದು ಎಷ್ಟು ಮಾರ್ಕ್ಸಿಗೆ ಬರ್ತೈತ್ರಿ?" ಐದು ಮಾರ್ಕ್ಸಿಗಪ್ಪ. ಕಲೆಗೆ ನಮ್ಮಲ್ಲಿ ಐದಕ್ಕಿಂತ ಹೆಚ್ಚು ಯಾರೂ ಕೊಟ್ಟಿಲ್ಲ. ನನಗೆ ಬಂದ ಆನಂದ ಎಷ್ಟು, ಕೀರ್ತಿ ಎಷ್ಟು, ಶುದ್ಧಿ ಎಷ್ಟು ಎಂದು ಕೇಳಬೇಡಿ. ನಾನು ಸಿಡುಕ ಎಂದು ನನ್ನ ಹೆಂಡತಿಯೇ ಹೇಳುತ್ತಾಳೆ, ಅವಳು ಸುಳ್ಳು ಹೇಳುವವಳಲ್ಲ.

ಅತ್ತೆ ಇದ್ದದ್ದು ನಮ್ಮ ಮನೆಯಲ್ಲೇ. ಮದುವೆಯಾದ ವರ್ಷದೊಳಗೆ ಗಂಡನನ್ನು ಕಳೆದುಕೊಂಡು ಒಂದು ಕಬ್ಬಿಣದ ಟ್ರಂಕು ಹಿಡಿದು ಅಣ್ಣನ ಮನೆಗೆ, ಅಂದರೆ ನಮ್ಮಪ್ಪನ ಮನೆಗೆ, ಬಂದವಳು. ಮರುವರ್ಷ ನಮ್ಮವ್ವ ಆ ಮನೆಗೆ ಸೊಸೆಯಾಗಿ ಬಂದಳು. ಅಲ್ಲಿಂದ ಶುರುವಾದ ಜಗಳ ಉಪ್ಪಿನದು. ಅವ್ವ ಸಾರಿಗೆ ಒಂದು ಚಿಟಿಕೆ ಉಪ್ಪು ಹೆಚ್ಚು ಹಾಕುತ್ತಿದ್ದಳು. ದಿನಾ. "ಈಕೀನ ಸಮುದ್ರದಾಗ ಹಡದಾರ," ಎಂದು ಅತ್ತೆ. "ಹೆಣದ ಮುಂದಿನ ಜೋರು ನನ್ನ ಮುಂದ ಬ್ಯಾಡ," ಎಂದು ಅವ್ವ. ನಮ್ಮಪ್ಪ ನಡುವೆ ಕೂತು ಸಪ್ಪಗೆ ಉಂಡು, ತನ್ನ ಪಾಳಿ ಬಂದಾಗ ಸದ್ದಿಲ್ಲದೆ ಹೋದ.

ಆದರೆ ಎಲ್ಲಿಂದಾದರೂ ಸಾವಿನ ಸುದ್ದಿ ಬಂತೋ, ಜಗಳ ಅರ್ಧಕ್ಕೇ ಬಿಟ್ಟು ಇಬ್ಬರೂ ಚಪ್ಪಲಿ ಮೆಟ್ಟುತ್ತಿದ್ದರು. ಕೋಗಳಿಗಾಗಲಿ ಕೂಡ್ಲಿಗಿಗಾಗಲಿ, ಬಸ್ಸಿನಲ್ಲಿ ಒಂದೇ ಸೀಟು, ಒಂದು ಮಾತಿಲ್ಲ. ಎಲೆ ಅಡಿಕೆಯ ಚೀಲ, ನೀರಿನ ಬಾಟಲಿ ಅವ್ವನ ಕೈಯಲ್ಲಿ. ಅತ್ತೆ ಹಾಡಲಿಕ್ಕೆ ಹೋಗುತ್ತಾಳೆ, ಅವಳ ನಾಲಿಗೆ ವಿಪರೀತಕ್ಕೆ ಹೋಗದ ಹಾಗೆ ಕಾಯಲಿಕ್ಕೆ ಅವ್ವ ಹೋಗುತ್ತಾಳೆ ಎಂದು ನಾವೆಲ್ಲ ತಿಳಿದಿದ್ದೆವು. ಬರುವಾಗ ಮಾತು ಬರುತ್ತಿತ್ತು.

"ಆ ಸೊಸಿ ಅತ್ತದ್ದು ನೋಡಿದೇನ? ಉಸುರು ಎಲ್ಲಿ ತಗೀಬೇಕು ಅನ್ನೂದ ಗೊತ್ತಿಲ್ಲ ಆಕಿಗೆ," ಎಂದು ಅತ್ತೆಯ ವಿಮರ್ಶೆ.

"ನೀ ಮೂರನೇ ಸಾಲಿನ್ಯಾಗ ತಪ್ಪಿದಿ," ಎಂದು ಅವ್ವ.

"ತಪ್ಪಲಿಲ್ಲ."

"ತಪ್ಪಿದಿ. ನಾ ಎಳದು ತಂದೆ."

ಬಸ್‌ಸ್ಟ್ಯಾಂಡಿನಿಂದ ಮನೆಯವರೆಗೆ ಇದೇ. ಎಲ್ಲಿಂದ ಎಲ್ಲಿಗೆ ಎಳೆದು ತಂದಳು ಎಂದು ಕನ್ನಡ ಮೇಷ್ಟ್ರು ಒಂದು ದಿನವೂ ಕೇಳಲಿಲ್ಲ.

ಒಮ್ಮೆ ದೂರದ ಊರಿನ ಪ್ರೊಫೆಸರ್ ಒಬ್ಬರು ಅಳುವ ಹಾಡುಗಳ ಬಗ್ಗೆ ಬರೆಯುತ್ತೇನೆಂದು ಬಂದರು. ಕರೆದುಕೊಂಡು ಬಂದವನು ನಾನೇ. ನನ್ನ ಹೆಸರೂ ಒಂದು ಕಡೆ ಅಚ್ಚಾದೀತು ಎಂಬ ಆಸೆ ನನಗಿತ್ತು; ಮುಚ್ಚಿಡುವುದೇನಿದೆ. ಪ್ರೊಫೆಸರು ಕೈಮುಗಿದು, "ಅಮ್ಮಾ, ನಿಮ್ಮದು ದೊಡ್ಡ ಕಲೆ," ಎಂದರು. ಅತ್ತೆ ಗಾಬರಿಯಾಗಿ ಸೀರೆಯ ಸೆರಗು, ನೆರಿಗೆ ಎಲ್ಲ ತಿರುವಿ ನೋಡಿಕೊಂಡಳು. "ಎಲ್ಲೈತ್ರಿ? ಎಲಿ ಅಡಿಕಿದೇನು?"

ಅವರು ಪುಟ್ಟ ರೆಕಾರ್ಡರ್ ಹೊರತೆಗೆದು, ಒಂದು ಹಾಡು ಹೇಳಿ ಎಂದರು.

"ಸತ್ತವ್ರು ಯಾರು, ಮೊದ್ಲು ಹೇಳ್ರಿ."

"ಯಾರೂ ಸತ್ತಿಲ್ಲಮ್ಮ. ಸುಮ್ಮನೆ, ಮಾದರಿಗೆ."

"ಮಾದರಿಗೆ ಅಳಾಕ ಬರಂಗಿಲ್ರಿ. ಹೆಣ ಬೇಕು. ಇಲ್ಲಾಂದ್ರ ನೀವ ಕೂಡ್ರಿ."

ಸಂಶೋಧನೆ ಎಂದರೆ ಏನೆಂದು ನನಗೆ ಅಂದು ತಿಳಿಯಿತು. ಆ ಮನುಷ್ಯ ಗೋಡೆಗೊರಗಿ ಕೂತರು. ದೇವರ ಫೋಟೋದ ಮೇಲಿದ್ದ ಹಾರ ತೆಗೆದು ಅತ್ತೆ ಅವರ ಕೊರಳಿಗೆ ಹಾಕಿದಳು. ಅಡಿಗೆಮನೆಯ ಕಡೆ ತಿರುಗಿ, "ಬಾ ಇಲ್ಲಿ," ಎಂದು ಅವ್ವನನ್ನು ಕರೆದಳು. ಬೇಳೆ ಸೀಯುತ್ತದೆ ಎಂದು ಬೈಯುತ್ತಲೇ ಬಂದು ಅವ್ವ ಹಿಂದೆ ಕೂತಳು.

"ದೂರದ ಊರೀನ ಚಸ್ಮಾದ ಸರದಾರಾ
ಚೀಲ ತುಂಬ ಕಾಗದ, ಎದಿ ತುಂಬ ಅವಸರಾ
ಮನಿಮಂದಿ ಮಾತ ಕೇಳಾಕ ಪುರಸೊತ್ತಿಲ್ದ
ಮಂದಿ ಮನಿ ಅಳು ಕೇಳಾಕ ಬಂದ್ಯೋ ನನ್ನಪ್ಪಾ..."

ಪ್ರೊಫೆಸರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಸತ್ತವ್ರು ಅಳಬಾರ್ದ್ರಿ, ನೆಟ್ಟಗ ಕೂಡ್ರಿ," ಎಂದಳು ಅತ್ತೆ. ಮುಗಿದ ಮೇಲೆ ಅವರು ಹಾರ ತೆಗೆಯುವುದನ್ನೂ ಮರೆತು ಅಂಗಳಕ್ಕೆ ಹೋಗಿ ಹೆಂಡತಿಗೆ ಫೋನು ಮಾಡಿ ಬಹಳ ಹೊತ್ತು ಮಾತಾಡಿದರು. ಆಮೇಲೆ ಲೇಖನ ಬಂತು. ನನ್ನ ಹೆಸರು ಅಡಿಟಿಪ್ಪಣಿಯಲ್ಲಿತ್ತು, "ಸ್ಥಳೀಯರೊಬ್ಬರ ನೆರವಿನಿಂದ" ಎಂದು. ಧ್ವನಿಮುದ್ರಣವನ್ನು ಅವರು ಇಂಟರ್‌ನೆಟ್ಟಿಗೆ ಹಾಕಿದರಂತೆ. ನಾನು ಕೇಳಲಿಲ್ಲ. ಸ್ಥಳೀಯರೊಬ್ಬರಿಗೆ ಅಷ್ಟು ಪುರಸೊತ್ತು ಎಲ್ಲಿ?

ಆ ಲೇಖನದ ದೆಸೆಯಿಂದ ಕೂಡ್ಲಿಗಿಯ ಒಂದು ಉತ್ಸವದಲ್ಲಿ ಅವಳಿಗೆ ವೇದಿಕೆ ಸಿಕ್ಕಿತು. ಐದು ನಿಮಿಷ, ಮಕ್ಕಳ ಡ್ಯಾನ್ಸಿಗೂ ವಂದನಾರ್ಪಣೆಗೂ ನಡುವೆ. "ಸ್ವಲ್ಪ ಖುಷಿಯಾಗಿರೋ ಅಳು ಹಾಡ್ರಿ," ಎಂದು ಸಂಘಟಕರ ಕೋರಿಕೆ ಬೇರೆ. ಅತ್ತೆ ಮೆಟ್ಟಿಲು ಹತ್ತಿ ನೋಡುತ್ತಾಳೆ: ಸಾಲಾಗಿ ಹನ್ನೊಂದು ಗಣ್ಯರು, ಎಲ್ಲರೂ ಹಿಂದಕ್ಕೆ ಒರಗಿ ಕೂತಿದ್ದಾರೆ, ಎಲ್ಲರ ಕೊರಳಲ್ಲೂ ಹಾರ, ಅರ್ಧ ಜನರ ಕಣ್ಣು ಮುಚ್ಚಿವೆ. ಮೈಕು ಅವಳ ಬಾಯಿಯ ಹತ್ತಿರವೇ ಇತ್ತು. "ಯವ್ವಾ, ಇದರಾಗ ಸತ್ತವ್ರು ಯಾರು, ಮೊದ್ಲು ಹೇಳ್ರಿ," ಎಂದಳು. ಆ ದಿನದ ಕಾರ್ಯಕ್ರಮದಲ್ಲಿ ಚಪ್ಪಾಳೆ ಬಂದದ್ದು ಅದೊಂದಕ್ಕೇ. ಮತ್ತೆ ಯಾರೂ ಕರೆಯಲಿಲ್ಲ.

ಇಷ್ಟೆಲ್ಲ ನಗುತ್ತ ಬರೆದೆ. ಇನ್ನು ನನಗೆ ನಗು ಬರುವುದಿಲ್ಲ. ಮೂರು ವರ್ಷದ ಹಿಂದೆ ಒಂದು ಬೆಳಗ್ಗೆ ಬೇಳೆ ಆರಿಸುತ್ತ ಕೂತಿದ್ದ ಅವ್ವ, ಮೊರವನ್ನು ಪಕ್ಕಕ್ಕಿಟ್ಟು ಗೋಡೆಗೊರಗಿದಳು. ಅಷ್ಟೇ. ಅವಳು ಹೋದದ್ದು ಯಾರಿಗೂ ಗೊತ್ತಾಗಲಿಲ್ಲ. ಕೂಡಿಸುವ ಕೆಲಸವನ್ನೂ ನಮಗೆ ಉಳಿಸಲಿಲ್ಲ.

ಸುತ್ತಲಿನ ಐದೂ ತಾಲೂಕಿನಿಂದ ಜನ ಬಂದರು. ಅರ್ಧ ಜನ ಅವ್ವನ ಮುಖ ನೋಡಲು, ಅರ್ಧ ಜನ ಅತ್ತೆಯ ಹಾಡು ಕೇಳಲು. ಜಿಪುಣನಿಗೇ ಅಷ್ಟು ಹಾಡಿದವಳು ಐವತ್ತು ವರ್ಷದ ಅತ್ತಿಗೆಗೆ ಎಷ್ಟು ಹಾಡಿಯಾಳು ಎಂದು ಎಲ್ಲರೂ ಕಿವಿಗೊಟ್ಟು ಕೂತರು. ಅತ್ತೆ ಅವ್ವನ ಕಾಲ ಹತ್ತಿರ ಕೂತಳು. ಸೆರಗಿನ ತುದಿ ಬಾಯಲ್ಲಿತ್ತು. ಸತ್ತವರು ಯಾರು ಎಂದು ಕೇಳಲಿಲ್ಲ. ಒಂದು ಸಾಲು ಎತ್ತಲಿಲ್ಲ. "ಹಾಡವ್ವ, ಎದಿ ಹಗುರಾಗ್ತೈತಿ," ಎಂದು ಯಾರೋ ಬೆನ್ನು ಸವರಿದರು. ಅವಳು ಎದ್ದು ಒಳಗೆ ಹೋಗಿ, ಅವ್ವ ಬಿಟ್ಟುಹೋಗಿದ್ದ ಮೊರ ಮುಂದಿಟ್ಟುಕೊಂಡು ಬೇಳೆಯಲ್ಲಿ ಕಲ್ಲು ಆರಿಸತೊಡಗಿದಳು. ಹೆಣ ಎತ್ತುವವರೆಗೂ ಆರಿಸಿದಳು.

"ನಾದಿನಿ ಅಂದ್ರ ನಾದಿನಿ. ಸತ್ತಮ್ಯಾಲೂ ಬಿಡಲಿಲ್ಲ ನೋಡು ಹಗೀನ," ಎಂದರು ಜನ. ನಾನು ನಂಬಿದೆ. ಐವತ್ತು ವರ್ಷದ ಉಪ್ಪಿನ ಸಾಕ್ಷಿ ನನ್ನ ಹತ್ತಿರ ಇತ್ತಲ್ಲ! ಊರ ಹೆಣಕ್ಕೆಲ್ಲ ಹಾಡಿ ನಮ್ಮವ್ವನನ್ನು ಮಾತ್ರ ಮೂಕವಾಗಿ ಕಳಿಸಿದಳು. ನನ್ನ ಕಣ್ಣಲ್ಲೂ ನೀರು ಬರಲಿಲ್ಲ, ನಿಜ. ನನಗೆ ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿ, ಫೋನು ಇದ್ದವು. ಕಾಲೇಜಿಗೆ ರಜೆ ಅರ್ಜಿಯಲ್ಲಿ "ಮಾತೃವಿಯೋಗ" ಎಂದು ಚೆನ್ನಾಗಿ ಬರೆದೆ.

ಅಂದಿನಿಂದ ನಾನು ಅತ್ತೆಯ ಜೊತೆ ನೇರವಾಗಿ ಮಾತು ಬಿಟ್ಟೆ. ಒಂದೇ ಮನೆ, ಒಂದೇ ಪಡಸಾಲೆ. "ಅವರ ಊಟ ಆಯ್ತಾ ಕೇಳು" ಎಂದು ಹೆಂಡತಿಗೆ ಹೇಳುತ್ತಿದ್ದೆ. "ಆಗೈತಿ ಅಂತ ಹೇಳು ನಿನ್ನ ಗಂಡಗ," ಎಂದು ಎರಡು ಮಾರು ದೂರದಿಂದ ಉತ್ತರ ಬರುತ್ತಿತ್ತು. ಅವಳೂ ಸಾವಿನ ಮನೆಗೆ ಹೋಗುವುದನ್ನು ನಿಲ್ಲಿಸಿದಳು. ಕರೆಯಲು ಬಂದವರಿಗೆ "ಮಂಡಿ ನೋವು" ಅನ್ನುತ್ತಿದ್ದಳು. ಮಂಡಿಗೂ ಗಂಟಲಿಗೂ ಏನು ಸಂಬಂಧ? ತಪ್ಪು ಮಾಡಿದವಳಿಗೆ ನಾಚಿಕೆ ಎಂದುಕೊಂಡೆ. ನನಗೆ ಒಂದು ಬಗೆಯ ಸಮಾಧಾನವೂ ಆಯಿತು.

ಮೊನ್ನೆ ಹರಪನಹಳ್ಳಿಯಲ್ಲಿ ನಮ್ಮ ಕಾಲೇಜಿನ ಗುಮಾಸ್ತರ ತಂದೆ ಸತ್ತರೆಂದು ಮಣ್ಣಿಗೆ ಹೋದೆ. ಜೀವನವಿಡೀ ಬೀಡಿ ಅಂಗಡಿ ನಡೆಸಿದ ಮುದುಕ. ಹೆಣ ಗೋಡೆಗೊರಗಿತ್ತು. ಹೆಂಗಸರು ಸುಮ್ಮನೆ ಕೂತಿದ್ದರು. ಅಳುತ್ತಿದ್ದದ್ದು ಒಂದು ಸೌಂಡ್ ಬಾಕ್ಸು.

"ಹಾಡೋರು ಈಗ ಸಿಗಲ್ಲ ಸಾರ್. ಇದು ಚೆನ್ನಾಗೈತಿ, ಮೊಬೈಲ್‌ನಾಗ ಸಿಕ್ತತಿ. ಎಲ್ರೂ ಇದನ್ನೇ ಹಾಕ್ತಾರ," ಎಂದರು ಗುಮಾಸ್ತರು.

ಬಾಕ್ಸು ಹಾಡಿತು: "ದೂರದ ಊರೀನ ಚಸ್ಮಾದ ಸರದಾರಾ..."

ನಮ್ಮತ್ತೆ! ಪ್ರೊಫೆಸರನ್ನು ಕೂಡಿಸಿ ಹಾಡಿದ್ದು, ನನಗೆ ಗೊತ್ತಿಲ್ಲದೆ ಈ ಸೀಮೆಯ ಸಾವುಗಳನ್ನೆಲ್ಲ ಸುತ್ತುತ್ತಿದೆ. ಪಕ್ಕದಲ್ಲಿದ್ದ ಮುದುಕಿ, "ಈತ ಚಸ್ಮಾ ಯಾವಾಗ ಹಾಕ್ಕೊಂತಿದ್ದ?" ಎಂದಳು. "ಕಡೀಕ ಹಾಕ್ಸಿದ್ರಂತ," ಎಂದಳು ಇನ್ನೊಬ್ಬಳು. ಹಾಡು ಎರಡನೆಯ ಸಲ ಸುತ್ತುವಷ್ಟರಲ್ಲಿ ಮುದುಕನ ಗೆಳೆಯನೊಬ್ಬ ಎದ್ದು ಹೋಗಿ ತನ್ನ ಚಸ್ಮಾ ತೆಗೆದು ಹೆಣದ ಮೂಗಿನ ಮೇಲೆ ಕೂಡಿಸಿ ಬಂದ. ಕಲೆ ಬದುಕನ್ನು ಅನುಕರಿಸುತ್ತದೆ ಎಂದು ನಾನು ನೋಟ್ಸು ಬರೆಸುತ್ತೇನೆ. ಹರಪನಹಳ್ಳಿಯಲ್ಲಿ ಹೆಣ ಕಲೆಯನ್ನು ಅನುಕರಿಸುತ್ತಿತ್ತು. ಕರ್ಚೀಫಿನಲ್ಲಿ ಬಾಯಿ ಮುಚ್ಚಿಕೊಂಡು ನಗು ತಡೆದುಕೊಳ್ಳುತ್ತಿದ್ದೆ.

ಆಗ ಅತ್ತೆ ಉಸಿರು ತೆಗೆದುಕೊಂಡಳು. ಆ ಸಂದಿನಲ್ಲಿ ಹಿಂದಿನಿಂದ ಇನ್ನೊಂದು ದನಿ ಬಂತು.

"ಎಲ್ಲಿ ಹೊಂಟ್ಯೋ, ಹೇಳಿ ಹೋಗೋ..."

ಅದು ನಮ್ಮವ್ವನ ದನಿ. ಪ್ರತಿ ಸಾಲಿನ ಕೊನೆಗೆ, ಅತ್ತೆಯ ದನಿ ಎಲ್ಲಿ ಬೀಳುತ್ತದೋ ಅಲ್ಲಿ ಹಿಡಿದು ಎತ್ತಿ ಮುಂದಿನ ಸಾಲಿಗೆ ಕೊಡುತ್ತಿದ್ದಳು. ಮೂರನೆಯ ಸಾಲಿನಲ್ಲಿ ಅತ್ತೆ ನಿಜಕ್ಕೂ ತಪ್ಪಿದ್ದಳು. ಅವ್ವ ಎಳೆದು ತಂದಳು. ಅಷ್ಟು ವರ್ಷ ಕೇಳಿದ್ದೆ, ಇದೇ ದನಿ, ಇದೇ ಸೊಲ್ಲು. "ಯಾರೋ ಹೆಂಗಸು" ಎಂದುಕೊಂಡಿದ್ದೆ. ಪ್ರೊಫೆಸರು ಬಂದ ದಿನ ಅವ್ವ ಹಿಂದೆ ಕೂತದ್ದನ್ನು ಕಂಡಿದ್ದರೂ ನನ್ನ ಗಮನವೆಲ್ಲ ಅವರ ಕೊರಳ ಹಾರದ ಮೇಲಿತ್ತು.

ನಾನು ಅಲ್ಲೇ ಕುಸಿದು ಕೂತು ಅತ್ತುಬಿಟ್ಟೆ. ಮೂರು ವರ್ಷದ್ದೆಲ್ಲ ಬಂತು. ಸೊಲ್ಲು ಬಂದಾಗೆಲ್ಲ ಇನ್ನಷ್ಟು ಬಂತು. ನನ್ನನ್ನು ನೋಡಿ ಗುಮಾಸ್ತರಿಗೂ ತಡೆಯಲಾಗಲಿಲ್ಲ. ಇಬ್ಬರೂ ತಬ್ಬಿಕೊಂಡು ಅತ್ತೆವು. "ಯಾರಿವ್ರು, ಮಗಗಿಂತ ಹೆಚ್ಗಿ ಅಳ್ತಾರಲ್ಲ?" ಎಂದು ಹಿಂದಿನಿಂದ ಕೇಳಿಸಿತು. "ಕಾಯಂ ಗಿರಾಕಿ ಇರಬೇಕು," ಎಂದರು ಯಾರೋ. ನಾನು ಹುಟ್ಟಿದಾಗಿನಿಂದ ಬೀಡಿ ಮುಟ್ಟಿದವನಲ್ಲ.

ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ಅತ್ತೆ ಕಟ್ಟೆಯ ಮೇಲೆ ಮೊರ ಹಿಡಿದು ಬೇಳೆ ಆರಿಸುತ್ತಿದ್ದಳು.

"ಅತ್ತಿ," ಎಂದೆ.

"ಯಾಕಲೇ, ಹೆಂಡ್ತಿ ಮನ್ಯಾಗಿಲ್ಲೇನು? ನನ್ನ ಕೂಡ ಮಾತಾಡ್ತಿ."

"ಸೊಲ್ಲು ಅವ್ವ ಹಿಡೀತಿದ್ಲೇನು?"

ಅವಳ ಕೈ ನಿಂತಿತು. "ಐವತ್ತು ವರ್ಷ ಹಿಡದಾಳ. ಓದಿದಾಂವ ನೀನು. ನಿನಗ ಕಿವಿ ಇರಲಿಲ್ಲ."

"ಅವತ್ತು ಅದಕ್ಕ ಹಾಡಲಿಲ್ಲೇನು?"

"ಹೆಂಗ ಹಾಡ್ಲಿ? ಸೊಲ್ಲು ಹಿಡಿಯಾಕಿ ಗ್ವಾಡಿಗೆ ಕುಂತಿದ್ಲಲ್ಲೋ. ನಾ ಒಂದು ಸಾಲು ಎತ್ತಿದ್ರ ಹಿಂದಿಂದ ಆಕಿ ಎತ್ತಬೇಕು. ಎತ್ತಲಿಲ್ಲಾಂದ್ರ ಆಕಿ ಇಲ್ಲ ಅನ್ನೂದು ಗೊತ್ತಾಗಿಬಿಡ್ತಿತ್ತಲ್ಲ ನನಗ." ಒಂದು ಕಲ್ಲು ಸಿಕ್ಕಿತು. ಅದನ್ನು ಎಸೆಯದೆ ಬೆರಳಲ್ಲೇ ಹಿಡಿದುಕೊಂಡಳು.

"ನಾ ಹಿಡೀತೀನಿ ಅತ್ತಿ, ಸೊಲ್ಲು."

"ನಿನಗ ರಾಗ ಎಲ್ಲೈತಿ?" ಎಂದು ನನ್ನ ಮುಖವನ್ನೇ ನೋಡಿದಳು. ನನ್ನ ಕಣ್ಣು ಊದಿದ್ದು ಆಗ ಅವಳಿಗೆ ಕಂಡಿರಬೇಕು. ಮೊರ ಕೆಳಗಿಟ್ಟಳು. ಸೆರಗು ಸರಿ ಮಾಡಿಕೊಂಡಳು.

"ಸತ್ತವ್ರು ಯಾರು, ಮೊದ್ಲು ಹೇಳು."

ಹೋದಳು ಎಂದಿದ್ದೆ. ತೀರಿಕೊಂಡರು ಎಂದಿದ್ದೆ. ಮಾತೃವಿಯೋಗ ಎಂದು ಬರೆದಿದ್ದೆ. ಈ ಮಾತು ಮೂರು ವರ್ಷದಲ್ಲಿ ಒಮ್ಮೆಯೂ ನನ್ನ ಬಾಯಿಂದ ಬಂದಿರಲಿಲ್ಲ.

"ನಮ್ಮವ್ವ. ನಮ್ಮವ್ವ ಸತ್ತಾಳ, ಅತ್ತಿ."

ಅತ್ತೆ ಎತ್ತಿಕೊಂಡಳು. ದನಿ ಒಡೆದಿತ್ತು.

"ಉಪ್ಪು ಹೆಚ್ಚಾತಂತ ದಿನಾ ಬೈದೆನೇ ನಮ್ಮವ್ವಾ
ಮೂರು ವರ್ಷಾತು, ಸಪ್ಪಗ ಉಣ್ಣಾಕ ಹತ್ತೀನೇ..."

ಉಸಿರು ತೆಗೆದುಕೊಂಡು ನನಗಾಗಿ ಕಾದಳು.

"ಎಲ್ಲಿ ಹೊಂಟ್ಯೇ, ಹೇಳಿ ಹೋಗೇ," ಎಂದೆ. ನನ್ನ ದನಿ ಎತ್ತಲೋ ಹೋಯಿತು.

"ತಪ್ಪಿದಿ," ಎಂದಳು ಅತ್ತೆ, ಕಣ್ಣು ಒರೆಸಿಕೊಳ್ಳದೆ. "ಇನ್ನೊಮ್ಮೆ ಹಿಡಿ."